ಅಮ್ಮನ ಸಾಮಾನಿನಿಂದಲೇ ಸಿಂಗರಿಸಿದ ಮನೆ

ಸಂಜೆ ಐದಾಯಿತೆಂದರೆ ಅಮ್ಮ ಹೊರಡುತ್ತಿದ್ದಳು. ಬಾಚಣಿಗೆ, ಟವೆಲು, ಹಲ್ಲುಪುಡಿ ಡಬ್ಬಿಗಳನ್ನು ವೈರಿನ ಬುಟ್ಟಿಗೆ ತುಂಬಿಕೊಂಡು, ಸೆರಗು ಹೊದ್ದು, ಚಪ್ಪಲಿ ಮೆಟ್ಟಿ ನಮ್ಮ ಗೇಟಿನ ಹತ್ತಿರ ನಿಂತು, "ಹೊತ್ತಾಯ್ತು ಕಣಮ್ಮ, ನಾನಿನ್ನು ಬರ್ತೀನಿ. ಎರಡು ದಿನ ಇರಿಸ್ಕೊಂಡ್ರಿ, ಚೆನ್ನಾಗಿ ನೋಡ್ಕೊಂಡ್ರಿ" ಎನ್ನುತ್ತಿದ್ದಳು. ಶಿವಮೊಗ್ಗದ ನಮ್ಮ ಮನೆಗೆ ಅವಳು ಬಂದು ಆಗಲೇ ಎರಡು ವರ್ಷವಾಗಿತ್ತು. ಅವಳು 'ಕಣಮ್ಮ' ಎನ್ನುತ್ತಿದ್ದದ್ದು ಅವಳ ಒಬ್ಬಳೇ ಮಗಳಾದ ನನಗೆ.

"ಎಲ್ಲಿಗಮ್ಮ?"

"ಎಲ್ಲಿಗೆ ಅಂದ್ರೆ? ಮನೆಗೆ. ಅವರು ಶಿಫ್ಟ್ ಮುಗಿಸ್ಕೊಂಡು ಬರೋ ಹೊತ್ತಿಗೆ ಬಾಗ್ಲು ತೆಗೆದಿರಬೇಕಲ್ಲ."

ಅವರು ಎಂದರೆ ನಮ್ಮಪ್ಪ. ಅಪ್ಪ ತೀರಿಕೊಂಡು ಹನ್ನೊಂದು ವರ್ಷ. ಮನೆ ಎಂದರೆ ಭದ್ರಾವತಿಯ ನ್ಯೂಟೌನಿನಲ್ಲಿ ನಾನು ಆಡಿ ಬೆಳೆದ ಕಾರ್ಖಾನೆ ಕ್ವಾರ್ಟರ್ಸು. ಅಪ್ಪ ನಿವೃತ್ತರಾದ ಮೇಲೂ ಲೀಸಿಗೆ ಉಳಿಸಿಕೊಂಡಿದ್ದ ಆ ಮನೆಯಲ್ಲಿ ಅಮ್ಮ ಒಬ್ಬಳೇ ಗಟ್ಟಿಯಾಗಿಯೇ ಇದ್ದಳು. ಒಂದು ಮಧ್ಯಾಹ್ನ ಹಾಲು ಒಲೆಯ ಮೇಲಿಟ್ಟು ಮರೆತು, ಇನ್ನೊಂದು ದಿನ ಅಂಗಡಿಯಿಂದ ವಾಪಸು ಬರುವ ದಾರಿ ಮರೆತು, ಕೊನೆಗೊಂದು ದಿನ ಫೋನಿನಲ್ಲಿ ನನ್ನ ದನಿಯನ್ನು ಮರೆತಳು. ಆಗ ಮನೆಯ ಬೀಗದ ಕೈಯನ್ನು ಕಾರ್ಖಾನೆಯವರಿಗೆ ಒಪ್ಪಿಸಿ ಅವಳನ್ನು ಕರೆದುಕೊಂಡು ಬಂದೆವು.

ಸಂಜೆಯ ಈ ಪ್ರಯಾಣಕ್ಕೆ ಒಂದು ಉಪಾಯ ಹುಡುಕಿದ್ದು ನನ್ನ ಗಂಡ. "ಬನ್ನಿ ಅತ್ತೆ, ನಾನೇ ಬಿಟ್ಟುಬರ್ತೀನಿ" ಎಂದು ಬುಟ್ಟಿ ತಾವು ಹಿಡಿದುಕೊಂಡು ಅಮ್ಮನನ್ನು ಪಾರ್ಕಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿಸಿ, ಬೇರೆ ಅಡ್ಡರಸ್ತೆಯಿಂದ ಮತ್ತೆ ನಮ್ಮ ಗೇಟಿಗೇ ತಂದು ನಿಲ್ಲಿಸುತ್ತಿದ್ದರು. "ಬಂತು ನೋಡಿ ಅತ್ತೆ, ಮನೆ."

"ಇಷ್ಟು ಬೇಗ ಬಂತಾ? ಈಗ ಭದ್ರಾವತಿ ಬಸ್ಸು ಪರವಾಗಿಲ್ಲ ಬಿಡಿ" ಎಂದು ಅಮ್ಮ ಒಳಗೆ ಬಂದು ಕಾಫಿ ಕೇಳುತ್ತಿದ್ದಳು. ನಾವಿಬ್ಬರೂ ಅಡುಗೆಮನೆಗೆ ಹೋಗಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆವು. ನಕ್ಕಿದ್ದಕ್ಕೆ ಈಗ ಬೇಜಾರಿಲ್ಲ. ಆ ದಿನಗಳಲ್ಲಿ ನಗುವುದಕ್ಕೆ ಅಷ್ಟಾದರೂ ಇತ್ತಲ್ಲ.

ಸಂಕ್ರಾಂತಿ ಕಳೆಯುವ ಹೊತ್ತಿಗೆ ಆ ಉಪಾಯವೂ ಕೆಲಸ ಮಾಡದಾಯಿತು. ಅಮ್ಮ ಗೇಟಿನಲ್ಲೇ ನಿಂತು, "ಇದು ಅದೇ ಮನೆ. ಬೆಳಿಗ್ಗೆಯಿಂದ ಇಲ್ಲೇ ಇದ್ನಲ್ಲ" ಎಂದು ಗುರುತು ಹಿಡಿದುಬಿಟ್ಟಳು. ಆಮೇಲೆ ಅಳುವುದಕ್ಕೆ ಶುರುಮಾಡಿದಳು. ಸದ್ದಿಲ್ಲ, ಸೆರಗಿನ ತುದಿಯಿಂದ ಮೂಗು ಒತ್ತಿಕೊಂಡು, ಬೇರೆಯವರ ಮನೆಯಲ್ಲಿ ಅಳುವವರ ಹಾಗೆ. ಅದೇ ನನಗೆ ತಡೆಯಲಾಗುತ್ತಿರಲಿಲ್ಲ. ಜೋರಾಗಿ ಅತ್ತಿದ್ದರೆ, ನನಗೆ ಎರಡು ಬೈದಿದ್ದರೆ, ಮಗಳ ಮನೆಯಲ್ಲಿದ್ದಾಳೆ ಎಂದಾದರೂ ಅನ್ನಿಸುತ್ತಿತ್ತು.

ಹಾಗಾದರೆ ನಿಜವಾದ ಮನೆಯನ್ನೇ ತೋರಿಸೋಣ ಎಂದು ಒಂದು ಭಾನುವಾರ ಕಾರಿನಲ್ಲಿ ಭದ್ರಾವತಿಗೆ ಕರೆದುಕೊಂಡು ಹೋದೆವು. ಹೊಳೆ ದಾಟುವಾಗ ಅವಳ ಮುಖ ಅರಳಿತು. "ನೀರು ಕಮ್ಮಿ ಇದೆ" ಎಂದಳು. ಸರಿಯಾಗಿಯೇ ಹೇಳಿದಳು, ಕಮ್ಮಿಯೇ ಇತ್ತು. ನ್ಯೂಟೌನಿನ ನಮ್ಮ ಸಾಲಿಗೆ ಬಂದರೆ ಮುಕ್ಕಾಲು ಮನೆಗಳಿಗೆ ಬೀಗ. ನಮ್ಮ ಮನೆಯ ಅಂಗಳದಲ್ಲಿ ಕಳೆ ಸೊಂಟದ ಎತ್ತರಕ್ಕೆ ಬೆಳೆದಿತ್ತು. ಕಿಟಕಿಗೆ ಅಪ್ಪ ಹೊಡೆಸಿದ್ದ ಹಸಿರು ಬಣ್ಣ ಮಾತ್ರ ಅಲ್ಲಲ್ಲಿ ಉಳಿದಿತ್ತು. ಅಮ್ಮ ಕಾರಿನಿಂದ ಇಳಿಯಲೇ ಇಲ್ಲ.

"ಇಲ್ಲಿಗ್ಯಾಕೆ ಕರ್ಕೊಂಡ್ ಬಂದ್ರಿ? ಯಾರದೋ ಪಾಳುಮನೆ. ಹಾವುಗೀವು ಇರ್ತವೆ, ನಡೀರಿ."

"ಅಮ್ಮ, ಇದೇ ಕಣೆ ನಮ್ಮನೆ."

ಅವಳು ನನ್ನ ಕಡೆ ಮರುಕದಿಂದ ನೋಡಿದಳು. "ಪಾಪ, ನಿಮ್ಮದಾ?" ಎಂದಳು.

ವಾಪಸು ಬರುವಾಗ ದಾರಿಯುದ್ದಕ್ಕೂ ನಾನು ಯೋಚಿಸಿದ್ದು ಒಂದೇ. ಅಮ್ಮನ ಮನೆ ಆ ಗೋಡೆಗಳಲ್ಲಿ ಇಲ್ಲ ಅಂತಾಯಿತು. ಹಾಗಾದರೆ ಎಲ್ಲಿದೆ? ಅವಳು ಮನೆ ಎಂದಾಗ ಅವಳ ಕಣ್ಣ ಮುಂದೆ ಬರುವುದು ಏನು? ಯುಗಾದಿಗೆ ಇನ್ನೊಂದು ತಿಂಗಳಿದೆ ಎನ್ನುವಾಗ ಥಟ್ಟನೆ ಹೊಳೆಯಿತು. ಅವಳ ಮನೆ ಇರುವುದು ಅವಳ ಟ್ರಂಕಿನಲ್ಲಿ. ಆ ಟ್ರಂಕು ಎರಡು ವರ್ಷದಿಂದ ನಮ್ಮ ಅಟ್ಟದ ಮೇಲೆ ಇತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾವು ಮೂಲದಲ್ಲಿ ಹೊಲಗದ್ದೆಯ ಜನ. ಅಪ್ಪ ಕಾರ್ಖಾನೆ ಸೇರಿದ ಮೇಲೆ ಪಟ್ಟಣದವರಾದೆವು. ಹಬ್ಬಕ್ಕೆ ಮನೆ ಸಿಂಗರಿಸುವುದು ಎಂದರೆ ಅಮ್ಮನಿಗೆ ಅಂಗಡಿಗೆ ಹೋಗುವುದಲ್ಲ, ಟ್ರಂಕು ಎಳೆಯುವುದು. ಯುಗಾದಿಗೆ ನಾಲ್ಕು ದಿನ ಇದೆ ಎನ್ನುವಾಗ ಮಂಚದ ಕೆಳಗಿನಿಂದ ಅದನ್ನು ಎಳೆಯುವ ಕರಕರ ಸದ್ದಿಗೇ ನನಗೆ ಹಬ್ಬ ಬಂದುಬಿಡುತ್ತಿತ್ತು. ಹೊಸ ಪರದೆ ತರೋಣ, ಪಕ್ಕದ ಮನೆಯವರು ಪ್ಲಾಸ್ಟಿಕ್ ಹೂವು ತಂದಿದ್ದಾರೆ ಎಂದು ನಾನು ರಾಗ ತೆಗೆದರೆ, "ಇರೋದನ್ನ ಮೊದ್ಲು ಹೊರಗೆ ಹಾಕೇ. ಪೇಟೆ ಎಲ್ಲೂ ಓಡಿಹೋಗಲ್ಲ" ಎನ್ನುತ್ತಿದ್ದಳು.

ಇರೋದು ಎಂದರೆ ಏನೇನಿತ್ತು! ಒಡಲು ಜೀರ್ಣವಾದ ರೇಷ್ಮೆ ಸೀರೆಗಳ ಅಂಚನ್ನಷ್ಟೇ ಬಿಡಿಸಿ, ಒಂದಕ್ಕೊಂದು ಜೋಡಿಸಿ ಬಾಗಿಲ ಅಗಲಕ್ಕೆ ಹೊಲಿದ ತೋರಣಗಳು. ಅಪ್ಪನ ಸವೆದ ನೀಲಿ ಯೂನಿಫಾರಂ ಬಟ್ಟೆಯಲ್ಲಿ ಮಾಡಿದ ದಿಂಬಿನ ಚೀಲಗಳು, ಅವುಗಳ ಸುತ್ತ ಜರಿಯ ಪಟ್ಟಿ. ಒಡೆದ ಗಾಜಿನ ಬಳೆಯ ಚೂರುಗಳನ್ನು ದೀಪದ ಉರಿಯಲ್ಲಿ ಮೆತ್ತಗೆ ಬಗ್ಗಿಸಿ, ಕೊಂಡಿಗೆ ಕೊಂಡಿ ಸೇರಿಸಿ ಹೆಣೆದ ಸರಗಳು. ಗಾಳಿ ಬಂದರೆ ಅವು ಸಣ್ಣಗೆ ಸದ್ದು ಮಾಡುತ್ತಿದ್ದವು. ಅಜ್ಜಿ ಕೊಟ್ಟ ಹಿತ್ತಾಳೆ ತಂಬಿಗೆ, ಅದರಲ್ಲಿ ಮಾವಿನ ಚಿಗುರು. ಹಳೆಯ ಗಾಜಿನ ಬಾಟಲಿಯಲ್ಲಿ ಬೇವಿನ ಹೂವು. ಬಣ್ಣ ಹಚ್ಚಿದ ಮೊರವೊಂದು ಗೋಡೆಗೆ. ಕ್ವಾರ್ಟರ್ಸಿನ ಎರಡು ಕೋಣೆಯ ಮನೆ ಮಧ್ಯಾಹ್ನ ಕಳೆಯುವುದರೊಳಗೆ ಮದುವಣಗಿತ್ತಿಯ ಹಾಗೆ ಆಗಿಬಿಡುತ್ತಿತ್ತು.

ಪಕ್ಕದ ಕ್ವಾರ್ಟರ್ಸಿನ ತಮಿಳು ಮಾತಿನ ಹೆಂಗಸು ಕಾಂಪೌಂಡಿನ ಆಚೆಯಿಂದ ಕತ್ತು ಚಾಚಿ, "ಅಕ್ಕಾ, ಎಲ್ಲಾ ಪುದುಸು ತಂದಿಯಾ?" ಎಂದು ಕೇಳುತ್ತಿದ್ದರು. ಹೊಸದಕ್ಕೆ ಅವರು ಪುದುಸು ಎನ್ನುವವರು.

"ಪುದುಸೂ ಇಲ್ಲ ಗಿದುಸೂ ಇಲ್ಲ ಕಣಮ್ಮ. ನನ್ನ ಧಾರೆ ಸೀರೆ ಇದು, ಬಾಗ್ಲಿಗೆ ಬಂದು ಕೂತಿದೆ. ಇನ್ನೇನು, ಮುಂದಿನ ವರ್ಷ ನನ್ನನ್ನೂ ನೇತು ಹಾಕ್ತಾರೆ."

ಆ ನಗು ನಮ್ಮ ಸಾಲಿನ ಕೊನೆಯ ಮನೆಗೂ ಕೇಳುತ್ತಿತ್ತು.

ಅಷ್ಟು ಹೇಳಿದರೆ ಸಾಕಲ್ಲ. ಈ ಸಲದ ಯುಗಾದಿಗೆ ನಾನು ಮಾಡಬೇಕೆಂದದ್ದು ಇಷ್ಟೇ. ಆ ಟ್ರಂಕಿನಲ್ಲಿರುವುದನ್ನೆಲ್ಲ ತೆಗೆದು, ಭದ್ರಾವತಿಯ ಮುಂದಿನ ಕೋಣೆ ಹಬ್ಬದ ದಿನ ಹೇಗಿರುತ್ತಿತ್ತೋ ಹಾಗೆಯೇ ನಮ್ಮ ಹಾಲನ್ನು ಸಿಂಗರಿಸುವುದು. ಅಮ್ಮ ಅದನ್ನು ನೋಡಿ ಒಂದೇ ಒಂದು ಸಲ 'ನಮ್ಮನೆ' ಎನ್ನಬೇಕು. ಆಮೇಲೆ ಸಂಜೆ ಐದಕ್ಕೆ ಎದ್ದು ನಿಲ್ಲದಿದ್ದರೆ ಸಾಕು. ನನಗೆ ಗುರುತು ಸಿಗದಿದ್ದರೂ ಚಿಂತೆಯಿಲ್ಲ, ಮನೆ ಸಿಕ್ಕಿದರೆ ಸಾಕು ಎಂದುಕೊಂಡಿದ್ದೆ.

ಹಬ್ಬದ ಹಿಂದಿನ ದಿನ ಅಮ್ಮನನ್ನು ಪಕ್ಕದ ಮನೆಗೆ ಕಳಿಸಿದೆ. ಪಕ್ಕದ ಮನೆಯಾಕೆ ತೀರ್ಥಹಳ್ಳಿ ಕಡೆಯವಳು, ನನಗಿಂತ ಹತ್ತು ವರ್ಷ ಚಿಕ್ಕವಳು, ಬಾಯಿ ತುಂಬ ಮಾತು. "ಕಳಿಸಿ ಅಕ್ಕ, ನಾವಿಬ್ರೂ ಕೂತು ಸಂಡಿಗೆ ಒಣಗಿಸ್ತೀವಿ" ಎಂದು ಕರೆದುಕೊಂಡು ಹೋದಳು. ನನ್ನ ಗಂಡ ಅಟ್ಟದಿಂದ ಟ್ರಂಕು ಇಳಿಸಿದರು. ಮುಚ್ಚಳ ತೆಗೆದ ಕೂಡಲೇ ನುಸಿಗುಳಿಗೆಯ ವಾಸನೆ, ಒಣಗಿದ ಬೇವಿನೆಲೆಯ ವಾಸನೆ, ಅದರ ಅಡಿಯಲ್ಲಿ ಎಲ್ಲೋ ನಮ್ಮ ಹಳೆಯ ಮನೆಯ ವಾಸನೆ.

ಕಪಾಟಿನಿಂದ ಹಳೆಯ ಒಂದು ಫೋಟೋ ಹುಡುಕಿ ಮುಂದಿಟ್ಟುಕೊಂಡೆ. ಯಾವುದೋ ಯುಗಾದಿಯಲ್ಲಿ ಅಪ್ಪನ ಗೆಳೆಯರು ಯಾರೋ ತೆಗೆದದ್ದು. ತಂಬಿಗೆ ಬಾಗಿಲಿನ ಬಲಕ್ಕೋ ಎಡಕ್ಕೋ, ಮೊರ ಎಷ್ಟು ಎತ್ತರದಲ್ಲಿ, ಬಳೆಚೂರಿನ ಸರ ಎಷ್ಟು ಎಳೆ, ಎಲ್ಲವನ್ನೂ ಅದರಲ್ಲಿ ನೋಡಿ ನೋಡಿ ಇಟ್ಟೆ. ಮೂರು ನೀಲಿ ದಿಂಬುಗಳಿಗೆ ಹೊಸ ಹತ್ತಿ ತುಂಬಿದೆ. ಸ್ಟೂಲು ಹತ್ತಿ ಇಳಿದು ಸೊಂಟ ಹಿಡಿದುಕೊಂಡಿತು.

"ಸಿನಿಮಾ ಸೆಟ್ಟು ಹಾಕ್ತಿದೀಯಲ್ಲ ಮಾರಾಯ್ತಿ" ಎಂದರು ನನ್ನ ಗಂಡ.

"ಆ ಮೊಳೆ ಇನ್ನೊಂದು ಗೇಣು ಆಚೆ ಹೊಡೀರಿ. ಮಾತು ಆಮೇಲೆ."

"ಹೂಂ. ಗೋಡೆ ನಮ್ಮದು, ಮೊಳೆ ಅತ್ತೇದು."

ಕೊನೆಗೆ ಸ್ಟೀಲಿನ ದೊಡ್ಡ ತಟ್ಟೆ ಉಳಿಯಿತು. ನಮ್ಮ ಕಡೆ ಪಾತ್ರೆಗಳ ಮೇಲೆ ಹೆಸರು ಕೆತ್ತಿಸುತ್ತಾರಲ್ಲ, ಹಾಗೆ ಅದರ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಅಮ್ಮನ ಹೆಸರು, ಊರು. ಹಬ್ಬದ ದಿನ ಬೇವುಬೆಲ್ಲದ ಬಟ್ಟಲುಗಳನ್ನು ಅದರಲ್ಲೇ ಜೋಡಿಸುತ್ತಿದ್ದಳು. ಹೆಸರು ಇರುವ ಕಡೆ ಕುರ್ಚಿಯ ಎದುರಿಗೆ ಬರುವ ಹಾಗೆ ಬೇಕೆಂತಲೇ ತಿರುಗಿಸಿಟ್ಟೆ. ನಾಲ್ಕನೇ ಕ್ಲಾಸು ಓದಿದವಳು, ಅಕ್ಷರ ಇನ್ನೂ ಮರೆತಿರಲಿಲ್ಲ. ಬೇರೆ ಯಾವುದೂ ತಲುಪದಿದ್ದರೂ ಇದು ತಲುಪುತ್ತದೆ ಎಂದು ನನಗೆ ನಂಬಿಕೆ.

ಯುಗಾದಿಯ ಬೆಳಿಗ್ಗೆ ಎಣ್ಣೆ ಹಚ್ಚಿ, ನೀರೆರೆದು, ಹೊಸ ಸೀರೆ ಉಡಿಸಿದೆ. ಕೈ ಹಿಡಿದು ಹಾಲಿಗೆ ಕರೆತಂದೆ. ಅಮ್ಮ ಬಾಗಿಲಲ್ಲೇ ನಿಂತಳು. ತೋರಣ ನೋಡಿದಳು. ಕತ್ತೆತ್ತಿ ಬಳೆಚೂರಿನ ಸರ ನೋಡಿದಳು. ಮುಖದಲ್ಲಿ ಏನೋ ಓಡಾಡಿತು, ನೀರಿನೊಳಗೆ ಮೀನು ಸರಿದ ಹಾಗೆ.

"ಎಷ್ಟು ಚೆನ್ನಾಗಿ ಮಾಡಿದಾರೆ" ಎಂದಳು ಅಮ್ಮ. "ಯಾರೋ ಮನೆ ನಡೆಸೋದು ಗೊತ್ತಿರೋರು. ಒಂದು ಚೂರೂ ಬಿಸಾಕಿಲ್ಲ ನೋಡು."

"ಕೂತ್ಕೋ ಅಮ್ಮ" ಎಂದು ಕುರ್ಚಿಯ ಮೇಲೆ ನೀಲಿ ದಿಂಬು ಹಾಕಿ ಕೂರಿಸಿದೆ. ಅವಳು ದಿಂಬಿನ ಬಟ್ಟೆಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದಳು. ಬೇವುಬೆಲ್ಲದ ತಟ್ಟೆ ಮುಂದೆ ಹಿಡಿದೆ. ಬಟ್ಟಲು ತೆಗೆದುಕೊಳ್ಳುವ ಮೊದಲು ಬಗ್ಗಿ ಅಂಚಿನ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದಳು. ತನ್ನ ಹೆಸರು. ತನ್ನ ಊರು.

ತಲೆಯೆತ್ತಿ ಸಂತೋಷದಿಂದ ನಕ್ಕಳು. "ಈ ಮನೆ ಯಜಮಾನಿ ಹೆಸರೂ ನನ್ನ ಹೆಸರೇ. ಊರೂ ನಮ್ಮೂರೇ. ಎಲ್ಲಿ ಅವರು, ಹೊರಗೆ ಹೋಗಿದಾರಾ?"

ನಾನು ತಟ್ಟೆ ಹಿಡಿದುಕೊಂಡೇ ನಿಂತಿದ್ದೆ. ನನ್ನ ಗಂಡ ಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಮೇಜಿನ ಮೇಲಿಟ್ಟರು.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಹೋಳಿಗೆ ತಟ್ಟೆಗೆ ಬಟ್ಟೆ ಮುಚ್ಚಿಕೊಂಡು ಬಂದಳು. "ಅಯ್ಯೋ, ಇದೇನಕ್ಕ, ಮನೆ ಗುರುತೇ ಸಿಗ್ತಿಲ್ಲ" ಎಂದಳು. ಪಾಪ, ಅವಳಿಗೇನು ಗೊತ್ತು. ಅಮ್ಮ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತಿಗಿಳಿದಳು. ಇಬ್ಬರು ಅತಿಥಿಗಳು ಒಬ್ಬರ ಮನೆಯಲ್ಲಿ ಭೇಟಿಯಾದರೆ ಹೇಗೋ ಹಾಗೆ. ಬೆಲೆ, ಬಿಸಿಲು, ಮಾವಿನ ಮಿಡಿ.

ಹೊರಡುವಾಗ ಪಕ್ಕದ ಮನೆಯಾಕೆಗೆ ಅರಿಶಿನ ಕುಂಕುಮ ಕೊಟ್ಟೆ. ಅವಳು ಹಣೆಗೆ ಇಟ್ಟುಕೊಂಡಳು. ನಾನು ಬಟ್ಟಲು ಹಿಂದಕ್ಕೆ ತೆಗೆದುಕೊಳ್ಳುವಷ್ಟರಲ್ಲಿ ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಕುರ್ಚಿಯಲ್ಲಿ ನೆಟ್ಟಗೆ ಕೂತು, ಹಣೆಯನ್ನು ನನ್ನ ಕಡೆಗೆ ಚಾಚಿದಳು.

ನನ್ನ ಕೈ ನಿಂತುಹೋಯಿತು.

ಅಪ್ಪ ಹೋದ ಮೇಲೆ ಕುಂಕುಮ ತೆಗೆದದ್ದು ಅಮ್ಮನೇ. ಯಾರೂ ಬಲವಂತ ಮಾಡಿರಲಿಲ್ಲ. ನಾನು ಓದಿದವಳು, ಕಾಲ ಬದಲಾಗಿದೆ ಎಂದು ವಾದಿಸಿ, ಒಂದು ಸಣ್ಣ ಬಿಂದಿಯನ್ನಾದರೂ ಇಟ್ಟುಕೋ ಎಂದು ಅವಳ ಹಿಂದೆ ತಿರುಗಿದ್ದೆ. "ಬೇಡ ಕಣೇ. ಅವರಿಗೋಸ್ಕರ ಇಟ್ಕೊಂಡಿದ್ದು, ಅವರ ಜೊತೆಗೇ ಹೋಯ್ತು. ಇನ್ನೊಂದು ಸಲ ಕೇಳಬೇಡ" ಎಂದಿದ್ದಳು. ನಾನು ಮತ್ತೆ ಕೇಳಿರಲಿಲ್ಲ. ಹನ್ನೊಂದು ವರ್ಷ ನೆಂಟರ ಮದುವೆಗಳಲ್ಲಿ ಯಾರಾದರೂ ಮರೆತು ಬಟ್ಟಲು ಹಿಡಿದರೆ ತಾನೇ ಮೆತ್ತಗೆ ಪಕ್ಕಕ್ಕೆ ಸರಿಯುತ್ತಿದ್ದವಳು ಅವಳು. ಆ ಅಮ್ಮನ ಮಾತು ಉಳಿಸಿಕೊಳ್ಳಲೋ, ಈಗ ಹಣೆ ಚಾಚಿ ಕಾಯುತ್ತಿರುವ ಈ ಅಮ್ಮನಿಗೆ ಕುಂಕುಮ ಇಡಲೋ? ಇಲ್ಲ ಎಂದರೆ ಯಾಕೆ ಎಂದು ಕೇಳುತ್ತಾಳೆ. ಯಾಕೆ ಎಂದು ಹೇಳಿದರೆ ಅಪ್ಪ ಇವತ್ತೇ ಸತ್ತ ಹಾಗೆ ಆಗುತ್ತದೆ.

ಪಕ್ಕದ ಮನೆಯಾಕೆ ನೆಲ ನೋಡುತ್ತ ನಿಂತಿದ್ದಳು. ಸಣ್ಣ ದನಿಯಲ್ಲಿ, "ಇಡಿ ಅಕ್ಕ" ಎಂದಳು.

ಇಟ್ಟೆ. ಉಂಗುರಬೆರಳಿನಿಂದ, ಅವಳು ನನಗೆ ಕಲಿಸಿದ ಹಾಗೆಯೇ. ಅಮ್ಮ ಕಣ್ಣು ಮುಚ್ಚಿ ಇಡಿಸಿಕೊಂಡಳು. ಆಮೇಲೆ ನನ್ನ ಗಲ್ಲ ಸವರಿ, ದೊಡ್ಡವರು ಮನೆಯ ಗೃಹಿಣಿಗೆ ಹರಸುವ ಹಾಗೆ, "ನೂರು ಕಾಲ ಮುತ್ತೈದೆಯಾಗಿ ಬಾಳಮ್ಮ" ಎಂದಳು. "ನಿನ್ನ ತಾಯಿ ಇದಾರಾ?"

"ಇದಾರೆ."

"ಎಲ್ಲಿದಾರೆ?"

ಬಾಯಿಗೆ ಬಂದದ್ದು ಹೇಳಿದೆ. "ಭದ್ರಾವತೀಲಿ."

"ಹಬ್ಬದ ದಿನ ಇಲ್ಲೇ ಇದೀಯಲ್ಲ ಹಾಗಾದ್ರೆ. ಒಂದು ಗಳಿಗೆ ಹೋಗಿಬಾ. ಕಾಯ್ತಾ ಇರ್ತಾರೆ" ಎಂದು ಎದ್ದು ನಿಂತಳು. "ನಾನೂ ಹೊರಡ್ತೀನಿ. ಹಬ್ಬದ ದಿನ ಇನ್ನೊಬ್ರ ಮನೇಲಿ ಹಿಂಗೆ ಸುಮ್ನೆ ಕೂತಿರೋಕಾಗತ್ತಾ? ನಮ್ಮನೇಲಿ ಇನ್ನೂ ಟ್ರಂಕೇ ತೆಗೆದಿಲ್ಲ."

ಅವಳು ಹಾಗೆ ಅಂದಾಗ ನನಗೆ ನನ್ನ ತಪ್ಪು ಗೊತ್ತಾಯಿತು. ತೋರಣ ಸರಿಯಾಗಿತ್ತು, ತಂಬಿಗೆ ಸರಿಯಾಗಿತ್ತು, ಮೊಳೆ ಒಂದು ಗೇಣೂ ಆಚೀಚೆ ಇರಲಿಲ್ಲ. ಆದರೆ ಆ ಫೋಟೋದಲ್ಲಿ ಅಮ್ಮ ಇರಲಿಲ್ಲ. ಯಾವ ಹಬ್ಬದ ಫೋಟೋದಲ್ಲೂ ಅವಳು ಇಲ್ಲ. ಸ್ಟೂಲಿನ ಮೇಲೆ ಇರುತ್ತಿದ್ದಳು, ಒಲೆಯ ಮುಂದೆ ಇರುತ್ತಿದ್ದಳು, ಸೂಜಿ ಕಚ್ಚಿಕೊಂಡು ಅಂಗಳದಲ್ಲಿ ಇರುತ್ತಿದ್ದಳು. ಹಬ್ಬದ ದಿನ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಉಪಚಾರ ಮಾಡುವುದು ಬೇರೆಯವರ ಮನೆಯಲ್ಲಿ ಮಾತ್ರ. ನಾನು ಅವಳನ್ನು ಬೇಕೆಂತಲೇ ಪಕ್ಕದ ಮನೆಗೆ ಕಳಿಸಿ, ಎಲ್ಲ ಕೆಲಸ ಮುಗಿಸಿ, ತೊಳೆದು ಉಡಿಸಿ ಕೂರಿಸಿದ್ದೆ. ನಮ್ಮ ಮನೆತನದಲ್ಲಿ ವಯಸ್ಸಾದವರಿಗೆ ತೋರಿಸುವ ಪ್ರೀತಿ ಎಂದರೆ ಅದೇ. ನೀನು ಕೂತ್ಕೋ, ನೀನು ಮುಟ್ಟಬೇಡ, ನಾವಿದ್ದೀವಲ್ಲ. ಪ್ರೀತಿಯಿಂದಲೇ ಅವಳನ್ನು ಅವಳ ಮನೆಯಿಂದ ಹೊರಗೆ ಹಾಕಿದ್ದೆ.

ಆ ಸಂಜೆ ಅವಳು ಹಣೆಯ ತುಂಬ ಕುಂಕುಮ ಇಟ್ಟುಕೊಂಡು ಗೇಟಿನಲ್ಲಿ ನಿಂತು ಅತ್ತಳು. ಕುಂಕುಮ ಬೆವರಿಗೆ ಇಳಿದು ಮೂಗಿನ ಮೇಲೆ ಹರಿದಿತ್ತು. ನಾನು ಒರೆಸಲು ಹೋದರೆ ಕೈ ತಡೆದಳು.

ಮಾರನೇ ದಿನ ಹೊಸತೊಡಕು. ನನ್ನ ಗಂಡ ಮಟನ್ ಅಂಗಡಿಯ ಸಾಲಿನಲ್ಲಿ ನಿಲ್ಲಲು ಬೆಳಿಗ್ಗೆಯೇ ಹೋಗಿದ್ದರು. ನಾನು ಸಿಟ್ಟಿನಿಂದ ಸ್ಟೂಲು ಹತ್ತಿ ತೋರಣ ಕೀಳತೊಡಗಿದೆ. ಯಾರ ಮೇಲೆ ಸಿಟ್ಟು ಎಂದು ಕೇಳಬೇಡಿ.

"ಹಂಗೆ ಎಳೀಬೇಡ್ವೇ. ಜರಿ ಕಿತ್ತೋಗತ್ತೆ."

ತಿರುಗಿ ನೋಡಿದರೆ ಕೋಣೆಯ ಬಾಗಿಲಲ್ಲಿ ಅಮ್ಮ. ದನಿ ಹಳೆಯದು. ನಡೆದು ಬಂದು ನನ್ನ ಕೈಯಿಂದ ತೋರಣ ಕಸಿದುಕೊಂಡು ನೆಲದ ಮೇಲೆ ಹಾಸಿದಳು. ಅಂಗೈಯಿಂದ ಸುಕ್ಕು ತೀಡಿದಳು. "ಏನು ನೋಡ್ತಿದೀಯಾ, ಆ ತುದಿ ಹಿಡ್ಕೋ ಮಗಾ. ಮಡಿಸಬೇಡ, ಸುತ್ತಬೇಕು. ಮಡಿಸಿದ್ರೆ ಗೆರೇಲಿ ಸೀಳತ್ತೆ ಅಂತ ಎಷ್ಟು ಸಲ ಹೇಳಿದೀನಿ ನಿಂಗೆ."

ಎಷ್ಟೋ ಸಲ ಹೇಳಿದ್ದಳು. ನಾನು ತುದಿ ಹಿಡಿದುಕೊಂಡೆ.

ಇಬ್ಬರೂ ನೆಲದ ಮೇಲೆ ಕೂತು ಎಲ್ಲವನ್ನೂ ಸುತ್ತಿದೆವು, ಒರೆಸಿದೆವು, ಬೇವಿನೆಲೆ ಹಾಕಿದೆವು. ಮಧ್ಯೆ ಮಧ್ಯೆ ಬೈಸಿಕೊಂಡೆ. ಬಳೆಚೂರಿನ ಸರವನ್ನು ಗೋಜಲು ಮಾಡಿದ್ದಕ್ಕೆ ತಲೆಗೆ ಒಂದು ಮೊಟಕಿದಳು. ನನಗೆ ಐವತ್ತನಾಲ್ಕು ವಯಸ್ಸು. ಮಟನ್ ಚೀಲ ಹಿಡಿದು ಬಂದ ನನ್ನ ಗಂಡ ಬಾಗಿಲಲ್ಲೇ ನಿಂತು ನೋಡಿ, ಹಿತ್ತಿಲ ಕಡೆಯಿಂದ ಒಳಗೆ ಹೋದರು.

ಆ ಸಂಜೆ ಐದಾಯಿತು. ಐದೂವರೆಯಾಯಿತು. ಅಮ್ಮ ಏಳಲಿಲ್ಲ. ಆರು ಗಂಟೆಗೆ ನಾನು ಎಲ್ಲ ಮುಗಿಯಿತೆಂದು ಟ್ರಂಕಿನ ಮುಚ್ಚಳ ಹಾಕಿದೆ. ಚಿಲಕದ ಸದ್ದಿಗೆ ಅವಳು ಸುತ್ತ ನೋಡಿದಳು. "ಸರಿ, ಕೆಲಸ ಆಯ್ತಲ್ಲ, ನಾನು ಬರ್ತೀನಿ ಕಣಮ್ಮ" ಎಂದು ಎದ್ದಳು.

ಮರುದಿನ ಬೆಳಿಗ್ಗೆ ಮತ್ತೆ ಟ್ರಂಕು ಸುರಿದೆ.

ಹೀಗೆ ಚೈತ್ರವೆಲ್ಲ ಕಳೆಯಿತು. ಬೆಳಿಗ್ಗೆ ಕಟ್ಟುವುದು, ಮಧ್ಯಾಹ್ನದ ಮೇಲೆ ಬಿಚ್ಚುವುದು. ಅವಳು ಸ್ಟೂಲಿನ ಕೆಳಗೆ ನಿಂತು ಮೇಲಕ್ಕೆ, ಕೆಳಕ್ಕೆ, ಸೊಟ್ಟ ಆಯ್ತು ಎನ್ನುತ್ತಿದ್ದಳು. ಮನೆಗೆ ಬಂದವರು, "ಏನ್ರೀ, ನಿಮ್ಮನೇಲಿ ಇನ್ನೂ ಯುಗಾದಿ ಮುಗಿದಿಲ್ವಾ?" ಎಂದು ಕೇಳಿದರೆ ನನ್ನ ಗಂಡ, "ನಮ್ಮತ್ತೆ ಬಿಡ್ತಿಲ್ಲ" ಎನ್ನುತ್ತಿದ್ದರು. ಮಾವಿನೆಲೆ ಮಾತ್ರ ಎರಡು ದಿನಕ್ಕೊಮ್ಮೆ ಪಕ್ಕದ ಮನೆಯಾಕೆ ಕೇಳದೆಯೇ ತಂದು ಗೇಟಿಗೆ ಸಿಕ್ಕಿಸಿ ಹೋಗುತ್ತಿದ್ದಳು. ಎಲ್ಲ ದಿನವೂ ಸರಿಹೋಯಿತು ಎಂದೇನಲ್ಲ. ಕೆಲವು ದಿನ ಅರ್ಧದಲ್ಲೇ ಕೈಬಿಟ್ಟು ಗೇಟಿಗೆ ಹೋಗಿಬಿಡುತ್ತಿದ್ದಳು.

ಒಂದು ದಿನ ಮಾತ್ರ, ತೋರಣದ ತುದಿ ಹಿಡಿದುಕೊಂಡು ಕತ್ತೆತ್ತಿ, "ನಮ್ಮನೆ ಬಾಗ್ಲಿಗೆ ಇದು ಒಂಚೂರು ಗಿಡ್ಡ ಆಯ್ತು ನೋಡು" ಎಂದಳು.

ನಮ್ಮನೆ. ನಾನು ಸ್ಟೂಲಿನ ಮೇಲಿದ್ದೆ. ತಿರುಗಿ ನೋಡಲಿಲ್ಲ. ತಿರುಗಿದರೆ ನನ್ನ ಮುಖ ನೋಡಿ ಅವಳಿಗೆ ನಾನು ಮತ್ತೆ ಯಾರೋ ಹೊಸಬಳು ಅನ್ನಿಸಿಬಿಟ್ಟರೆ ಎಂಬ ಭಯ. "ಹೂಂ ಅಮ್ಮ, ಗಿಡ್ಡ ಆಯ್ತು" ಎಂದು ಗೋಡೆಗೆ ಹೇಳಿದೆ.

ಮಳೆ ಹಿಡಿಯುವ ಹೊತ್ತಿಗೆ ಕೈಗಳೂ ಮರೆಯತೊಡಗಿದವು. ತೋರಣ ಕೊಟ್ಟರೆ ಸುತ್ತದೆ ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಿದ್ದಳು. ಒಂದು ದಿನ ಜರಿಯ ತುದಿಯನ್ನು ಬಾಯಿಗೆ ಇಟ್ಟುಕೊಂಡಿದ್ದಳು, ಮಕ್ಕಳ ಹಾಗೆ. ಅದನ್ನು ಮೆಲ್ಲಗೆ ಬಿಡಿಸಿಕೊಂಡೆ. ಗೋಜಲಾದ ಸರ ಕಂಡರೂ ಮೊಟಕಲಿಲ್ಲ. ನಾನು ಬೇಕೆಂತಲೇ ತೋರಣವನ್ನು ಅವಳ ಕಣ್ಣೆದುರಿಗೆ ಮಡಿಸಿದೆ, ಗೆರೆ ಬೀಳುವ ಹಾಗೆ ಒತ್ತಿ ಒತ್ತಿ ಮಡಿಸಿದೆ. ಸುಮ್ಮನೆ ನೋಡುತ್ತಿದ್ದಳು.

ಸಂಜೆ ಏಳುವುದೂ ನಿಂತಿತು. ಯಾವ ದಿನ ನಿಂತಿತು ಎಂದು ಹೇಳಲಾರೆ. ಒಂದು ದಿನ ಆರೂವರೆಗೆ ದೀಪ ಹಚ್ಚುವಾಗ, ಇವತ್ತು ಅಮ್ಮ ಹೊರಡಲಿಲ್ಲವಲ್ಲ ಎಂದು ಹೊಳೆಯಿತು. ಯೋಚಿಸಿದರೆ ನಿನ್ನೆಯೂ ಹೊರಟಿರಲಿಲ್ಲ. ನಾನು ಬೇಡಿಕೊಂಡಿದ್ದು ಇದನ್ನೇ. ಹರಕೆ ಹೊತ್ತಿದ್ದೆ ಕೂಡ. ನನ್ನ ಗಂಡನಿಗೆ ಹೇಳಿದಾಗ ಅವರು ಓದುತ್ತಿದ್ದ ಪೇಪರು ಕೆಳಗಿಟ್ಟು ಕನ್ನಡಕ ತೆಗೆದರು. "ಪಾರ್ಕಿನ ಸುತ್ತ ಒಂದು ರೌಂಡ್ ಹೋಗಿಬರೋಣ್ವಾ ಅಂತ ನಾನೇ ಕೇಳಿದೆ ಕಣೆ ಮೊನ್ನೆ. ಬರಲಿಲ್ಲ" ಎಂದರು.

ಈಗ ಸಂಜೆ ಐದಕ್ಕೆ ಕೇಳುವವಳು ನಾನು. ಕೆಲಸವೆಲ್ಲ ಬಿಟ್ಟು ಅವಳ ಮಂಚದ ಅಂಚಿನಲ್ಲಿ ಕೂತು, ಕೈ ಹಿಡಿದುಕೊಂಡು ಕೇಳುತ್ತೇನೆ.

"ಅಮ್ಮ, ಹೊತ್ತಾಯ್ತು. ಮನೆಗೆ ಹೋಗೋಣ್ವಾ?"

ಅವಳು ನನ್ನನ್ನು ನೋಡುತ್ತಾಳೆ. ತುಂಬ ಸೌಜನ್ಯದಿಂದ, ನನಗೆ ಬೇಜಾರಾಗದಿರಲಿ ಎಂಬ ಹಾಗೆ ಸ್ವಲ್ಪ ಯೋಚಿಸುತ್ತಾಳೆ.

"ಎಲ್ಲಿಗೆ?" ಎನ್ನುತ್ತಾಳೆ.